ತಲೆಗೆ ಎಣ್ಣೆ ಹಚ್ಚದೆ ಹೋದ ಬೆಳಿಗ್ಗೆ

...ಅಲ್ಲ ಕಣೇ ದೇಚು, ನಾಯಿ ಅಲ್ಲ ಅದು, ಕೊಯೋಟಿ, ಈ ಅಮೆರಿಕದ ಕಾಡುಪ್ರಾಣಿ. ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು, ದೂರದಿಂದ ನೋಡಿದ್ರೆ ಯಾರದೋ ಬಡಕಲು ನಾಯಿ ಅನ್ನಿಸ್ತದೆ. ಆಗಲೇ ಎರಡು ಮೇಕೆಮರಿ ಹೊತ್ಕೊಂಡು ಹೋಗಿತ್ತು. ನಿಮ್ಮ ಅಜ್ಜ ತೀರಿಕೊಂಡ ಮುಂದಿನ ಬೇಸಿಗೆ ಅದು, ಅಲ್ಲಲ್ಲ, ಬೇಸಿಗೆ ಇನ್ನೂ ಶುರುವಾಗಿರಲಿಲ್ಲ, ಚಳಿ ಇತ್ತು. ಕೊರೋನಾನೂ ಪೂರ್ತಿ ಬಿಟ್ಟಿರಲಿಲ್ಲ. ಸಾವಿಗೂ ಜನ ಬರೋ ಹಾಗಿರಲಿಲ್ಲ, ಎಲ್ಲರೂ ಫೋನಲ್ಲೇ ಅತ್ತದ್ದು. ರಿಟೈರ್ ಆದ್ಮೇಲೆ ಏಪೆಕ್ಸ್ ಊರಿನ ಮನೆ ಮಾರಿ, ಊರಾಚೆ ಈ ಜಾಗ ತಗೊಂಡು ಮೇಕೆ ಸಾಕ್ತೀನಿ ಅಂತ ಹಟ ಹಿಡಿದವರು ನಿಮ್ಮ ಅಜ್ಜನೇ. ನಾನು ಬೈಕೊಂಡೇ ಹಿಂದೆ ಬಂದವಳು. ಆದ್ರೆ ಅವರು ಹೋದ್ಮೇಲೆ ನೋಡು, ಬೆಳಿಗ್ಗೆ ನನ್ನನ್ನ ಹಾಸಿಗೆಯಿಂದ ಎಬ್ಬಿಸ್ತಿದ್ದದ್ದು ಆ ಮೇಕೆಗಳೇ. ಅವು ಕೂಗದೆ ಇದ್ದಿದ್ರೆ ನಾನು ಏಳ್ತಾನೇ ಇರಲಿಲ್ಲವೇನೋ. ನಿಮ್ಮಪ್ಪ ಮಾರಿಸ್‌ವಿಲ್‌ನಿಂದ ಡ್ರೈವ್ ಮಾಡ್ಕೊಂಡು ಬಂದು, "ಅಮ್ಮ, ಸಾಕು. ಎಲ್ಲ ಮಾರಿ ನಮ್ಮನೆಗೆ ಬಂದ್ಬಿಡು" ಅಂದ. ಜಗಳ ಆಡಿ ಆಡಿ ಕೊನೆಗೆ ನಾನು, "ಇನ್ನೊಂದೇ ಒಂದು ಮರಿ ಹೋದ್ರೂ ಬರ್ತೀನಿ ಮಾರಾಯ" ಅಂತ ಮಾತು ಕೊಟ್ಟುಬಿಟ್ಟೆ. ಕೊಡಬಾರದಿತ್ತು. ಕೊಟ್ಟಾಯ್ತು.

ಕೋವಿ ಹಿಡಿಯೋದು ನನಗೆ ಹೊಸದಲ್ಲ, ಗೊತ್ತಲ್ಲ? ನಮ್ಮ ಕೊಡಗಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಮರದ ತುದೀಲಿ ತೆಂಗಿನಕಾಯಿ ಕಟ್ಟಿ ಗುಂಡು ಹೊಡೀತಾರೆ. ಲಂಗ ಹಾಕೋ ವಯಸ್ಸಲ್ಲೇ ನಾನು ಕಾಯಿ ಒಡೆದವಳು. ಅಜ್ಜನ ರೈಫಲ್ ತೆಗೆದು ಎಣ್ಣೆ ಹಾಕಿ ಒರೆಸಿದೆ. ದಿನಾ ಬೆಳಕು ಹರಿಯೋ ಮುಂಚೆ ಎದ್ದು, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ದೀಪ ಹಚ್ಚಿ, ಊದುಬತ್ತಿ ಬೆಳಗಿ, ಕಾಫಿ ಕುಡಿದು, ಅಡುಗೆಮನೇಲಿ ಹಾಕೋ ಸ್ವೆಟರನ್ನೇ ಹಾಕ್ಕೊಂಡು ಹೋಗಿ ಬೇಲಿ ಪಕ್ಕ ಕೂರ್ತಿದ್ದೆ. ಕೊಯೋಟಿ ಪೈನ್ ಮರಗಳ ಅಂಚಿಗೆ ಬರ್ತಿತ್ತು. ಮೂಗು ಎತ್ತುತ್ತಿತ್ತು. ವಾಪಸ್. ಮಾರನೇ ದಿನ ಮತ್ತೆ ಹಾಗೇ. ಬರೋದು, ಮೂಗು ಎತ್ತೋದು, ವಾಪಸ್! ಪಕ್ಕದ ಜಮೀನಿನ ಮುದುಕ ಅರ್ಲ್ ಇದೆಲ್ಲ ನೋಡ್ತಿದ್ದ. ಒಂದು ದಿನ ಬೇಲಿಗೆ ಒರಗಿ, ಟೋಪಿ ತೆಗೆದು, ರಾಗ ಎಳೆದು, "ಮ್ಯಾಆಮ್, ತಪ್ಪು ತಿಳ್ಕೋಬೇಡಿ. ಅದಕ್ಕೆ ನಿಮ್ಮ ವಾಸನೆ ಬರ್ತಿದೆ. ನನಗೇ ಇಲ್ಲಿ ತನಕ ಬರ್ತಿದೆ" ಅಂದ. ಮೈಯೆಲ್ಲ ಉರಿದುಹೋಯ್ತು ನನಗೆ! ನಿಮ್ಮಪ್ಪ ಚಿಕ್ಕವನಿದ್ದಾಗ ಸ್ಕೂಲಲ್ಲಿ ಊಟದ ಡಬ್ಬಿ ತೆಗೆದ್ರೆ ಮಕ್ಕಳು ಮೂಗು ಮುಚ್ಚಿಕೊಂಡು ದೂರ ಕೂರ್ತಿದ್ರು, ಅವನು ಡಬ್ಬಿ ಹಾಗೇ ವಾಪಸ್ ತರ್ತಿದ್ದ. ಇಷ್ಟು ವರ್ಷ ಆದ್ಮೇಲೆ ನನ್ನ ಬೇಲಿ ಹತ್ರಾನೇ ನಿಂತು ಇವನೂ ಅದೇ ಹೇಳ್ತಾನಲ್ಲ ಅಂತ, "ನಿಮ್ಮ ವಾಸನೆಯೂ ನನಗೆ ಬರ್ತದೆ, ಹೇಳಿಲ್ಲ ಅಷ್ಟೇ" ಅಂದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ. ಅವತ್ತಿಂದ ಅವನ ಮುಖ ಕಂಡ್ರೆ ತಿರುಗಿ ನಡೀತಿದ್ದೆ.

ಆಮೇಲೆ ಏನಾಯ್ತು, ಹಾಂ, ಮರಿ. ತಾಯಿ ಸೇರಿಸಿಕೊಳ್ಳದೆ ಬಿಟ್ಟ ಒಂದು ಮರಿಗೆ ಬಾಟ್ಲಿ ಹಾಲು ಕುಡಿಸೋಕೆ ನೋಡ್ತಿದ್ದೆ, ಹತ್ರಾನೇ ಬರ್ತಿರಲಿಲ್ಲ ಅದು. ಒಂದು ಸಂಜೆ ಚಳಿ ಅಂತ ಕೊಟ್ಟಿಗೆ ಮೊಳೆಯಲ್ಲಿ ನೇತಾಡ್ತಿದ್ದ ಅಜ್ಜನ ಜಾಕೆಟ್ ಹಾಕ್ಕೊಂಡೆ. ಅವರು ಹೋದಾಗಿನಿಂದ ಅದನ್ನ ಯಾರೂ ಮುಟ್ಟಿರಲಿಲ್ಲ, ನಾನೂ ಒಗೆದಿರಲಿಲ್ಲ, ಮೇಕೆ ವಾಸನೆ ಹಾಗೇ ಇತ್ತು. ಮರಿ ಓಡಿ ಬಂತು ನೋಡು! ಬಂದು, ತೋಳಿಗೆ ಮೂಗು ಒತ್ತಿ, ಗಟಗಟ ಕುಡೀತು. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಬೇಟೆಗೆ ಹೊರಡೋ ದಿನ ಪ್ರಾಣಿಗೆ ವಾಸನೆ ಸಿಗ್ತದೆ ಅಂತ ನನ್ನಪ್ಪ ಬೀಡಿ ಮುಟ್ತಿರಲಿಲ್ಲ, ಅದು ಆವಾಗ ನೆನಪಾಯ್ತು. ಅರ್ಲ್ ಹೇಳಿದ್ದು ಬೇಟೆಯ ಮಾತು ಕಣೇ, ಬೈಗುಳ ಅಲ್ಲ.

ಮಾರನೇ ಬೆಳಿಗ್ಗೆ ಎಣ್ಣೆ ಇಲ್ಲ, ಊದುಬತ್ತಿ ಇಲ್ಲ, ಕಾಫಿನೂ ಇಲ್ಲ. ದೇವರಿಗೆ, "ದೀಪ ಬಂದು ಹಚ್ತೀನಿ, ಸ್ವಲ್ಪ ತಡ್ಕೋ" ಅಂದೆ. ಜಾಕೆಟ್ ಹಾಕ್ಕೊಂಡು, ಗಾಳಿ ಮುಖಕ್ಕೆ ಬಡಿಯೋ ಕಡೆ ನೋಡಿ ಕೂತೆ. ಹುಲ್ಲೆಲ್ಲ ಇಬ್ಬನಿ, ಸೀರೆ ಅಂಚು ಒದ್ದೆ. ಕೈ ಬಾಯಿಗೆ ಅಡ್ಡ ಇಟ್ಟು ಮರಿ ಹಾಗೆ, "ಮ್ಯಾ... ಮ್ಯಾ..." ಅಂದೆ. ಬಂತು. ಮರದ ಅಂಚಲ್ಲಿ ನಿಂತು ಮೂಗು ಎತ್ತಿತು. ನನ್ನ ಕಡೇನೇ ನೋಡ್ತು, ನಾನೂ ಒಂದು ಮೇಕೆ ಅನ್ನೋ ಹಾಗೆ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಬೇಲಿ ಹತ್ರ ಅಡ್ಡ ತಿರುಗಿತು. ಉಸಿರು ಹಿಡಿದು ಒತ್ತಿದೆ. ಒಂದೇ ಗುಂಡು. ಇದ್ದಲ್ಲೇ ಬಿತ್ತು.

"ಅಜ್ಜಿ, ಸ್ಕೇರ್ಡ್ ಆದ್ಯಾ?" ಅಂತೀಯ. ಹೊಡೆಯೋವಾಗ ಇಲ್ಲ. ಹತ್ರ ಹೋಗಿ ಬಗ್ಗಿ ನೋಡಿದೆ. ಪಕ್ಕೆಲುಬು ಎಣಿಸಬಹುದಿತ್ತು. ಹಿಂಗಾಲು ಯಾವಾಗಲೋ ಮುರಿದು ಸೊಟ್ಟ ಕೂಡಿಕೊಂಡಿತ್ತು, ಹಲ್ಲು ಸವೆದಿತ್ತು. ಜಿಂಕೆ ಅಟ್ಟಿಸೋ ಶಕ್ತಿ ಇಲ್ಲದೆ ಮರಿಗೆ ಬಂದದ್ದು, ಪಾಪ. ನನ್ನ ಹಾಗೇ ಮುದುಕಿ. "ತಾಯಿ, ನಿನಗೂ ಹೊಟ್ಟೆ, ನನಗೂ ಈ ಮೇಕೆ ಬಿಟ್ರೆ ಯಾರೂ ಇಲ್ಲ" ಅಂತ ಹೇಳಿ ಅದರ ಕಣ್ಣು ಮುಚ್ಚಿದೆ. ಗುಣಿ ತೋಡೋಕೆ ನನ್ನಿಂದ ಆಗಲ್ಲವಲ್ಲ, ಅರ್ಲ್ ಬಾಗಿಲು ತಟ್ಟಿದೆ. "ನೀವು ಹೇಳಿದ್ದು ಸರಿ" ಅಂದೆ. ಅವನು ನನ್ನನ್ನ ನೋಡಿದ, ಜಾಕೆಟ್ ನೋಡಿದ, ಮೂಗು ಅರಳಿಸಿ, "ಮ್ಯಾಆಮ್, ಈಗಂತೂ ಮೊದಲಿಗಿಂತ ಕೆಟ್ಟ ವಾಸನೆ" ಅಂದ! ಇಬ್ಬರೂ ನಕ್ಕು ನಕ್ಕು, ನನಗೆ ಆಮೇಲೆ ಅಳು ಬಂತು, ಅವನು ಗುದ್ದಲಿ ತಗೊಂಡು ಮುಂದೆ ನಡೆದ. ಆಮೇಲೆ ಆ ವರ್ಷ ಇನ್ನೊಂದು ಮರಿಯೂ ಹೋಗಲಿಲ್ಲ. ನಾನೂ ಎಲ್ಲಿಗೂ ಹೋಗಲಿಲ್ಲ.

ನಮ್ಮ ವಾಸನೆ ನಮಗೆ ಗೊತ್ತಾಗಲ್ಲ ಮಗಾ, ಪಕ್ಕದವರೇ ಹೇಳಬೇಕು. ಹೇಳಿದ್ರೆ ಒಂದು ದಿನ ಸಿಟ್ಟು ಮಾಡ್ಕೋ, ಬೇಡ ಅನ್ನಲ್ಲ, ಎರಡನೇ ದಿನ ಮೂಸಿ ನೋಡ್ಕೋ. ಏಳು ಈಗ, ಮೇಕೆ ಕೂಗ್ತಿದೆ.