ಮುರಿಗೆಪ್ಪನ ತಲೆಪೆಟ್ಟಿನ ಬಗ್ಗೆ ಅವನ ಅತ್ತೆ ಬರೆಯಿಸಿದ್ದು

ಇಳಕಲ್ಲ ಪೊಲೀಸ ಠಾಣೆ. ತಾರೀಖು ೧೧-೨-೧೯೫೮, ಮಂಗಳವಾರ.

ಹೆಸರು ನೀಲಾಬಾಯಿ ಕೋಂ ಅಮಾತೆಪ್ಪ ಹಡಗಲಿ. ವಯಸ್ಸು ಐವತ್ತು. ಗಂಡ ತೀರಿಕೊಂಡಿದ್ದಾರೆ. ಉದ್ಯೋಗ ನೇಕಾರರಿಗೆ ನೂಲು ಸುತ್ತಿ ಕೊಡುವುದು. ಓದು ಕನ್ನಡ ನಾಲ್ಕನೇ ಇಯತ್ತೆ. ಸಾಕಿನ್ ಗುಡೂರು, ತಾಲೂಕು ಹುನಗುಂದ, ಜಿಲ್ಲಾ ವಿಜಾಪುರ.

ಯಾರೂ ಕರೆಯದೆ ನಾನಾಗಿಯೇ ಬಂದು, ನನ್ನ ಬಾಯಿಂದ ಬರೆಯಿಸುವುದು ಏನೆಂದರೆ, ಮುರಿಗೆಪ್ಪ ಎಂಬ ಹದಿನಾಲ್ಕು ವರ್ಷದ ಹುಡುಗ ನನ್ನ ತಮ್ಮ ಅಂದಾನಪ್ಪನ ಮಗ. ತಮ್ಮನು ಕಲಾದಗಿಯಲ್ಲಿ ಒಕ್ಕಲುತನ ಮಾಡುತ್ತಾನೆ. ಹುಡುಗನಿಗೆ ತಾಯಿ ಇಲ್ಲ, ನನಗೆ ಮಕ್ಕಳಿಲ್ಲ. ಮೂರು ವರ್ಷದಿಂದ ಹುಡುಗ ನನ್ನ ಹತ್ತಿರ ಇದ್ದು ಗುಡೂರಿನ ಸಾಲೆಗೆ ಹೋಗುತ್ತಾನೆ. ಬಿಡಲು ಬಂದ ದಿನ ತಮ್ಮನು, ‘ಅಕ್ಕಾ, ನಿನ್ನ ಮನ್ಯಾಗ ದೇವರದಾನು, ಹುಡುಗ ಅಲ್ಲೇ ಇರ್ಲಿ’ ಎಂದು ಹೇಳಿದ್ದ. ಆ ಮಾತನ್ನು ನಾನು ಓಣಿಯ ನಾಲ್ಕು ಮಂದಿಗೆ ಹೇಳಿಕೊಂಡು ತಿರುಗಿದ್ದೇನೆ.

ನಮ್ಮ ಊರಲ್ಲಿ ಹುಡುಗರ ಒಂದು ತರುಣ ಸಂಘ ಇದೆ. ಡ್ರಿಲ್ ಮಾಸ್ತರು ಪಂಢರೀನಾಥ ಕೃಷ್ಣಾಜಿ ಅವರು ಸಂಜೆ ಹುತುತು, ಅಂದರೆ ಕಬಡ್ಡಿ, ಆಡಿಸುತ್ತಾರೆ. ಆಡಲು ಸೇರಿಸುವ ಮುಂಚೆ ಮಾಸ್ತರು ಮನೆಮನೆಗೆ ಬಂದು ಸಂಘದ ನಿಯಮ ಹೇಳಿ ಹೋಗಿದ್ದರು. ತಲೆಗೆ ಪೆಟ್ಟು ಬಿದ್ದ ಹುಡುಗ ಆ ದಿನ ಮತ್ತೆ ಆಡಕೂಡದು. ಮರುದಿನ ಮಾಸ್ತರು ಮನೆಗೆ ಬಂದು ಹಿರಿಯರನ್ನು ಮೂರು ಮಾತು ಕೇಳುತ್ತಾರೆ, ಹುಡುಗ ವಾಂತಿ ಮಾಡಿದನೇ, ತಲೆ ನೋವು ಎಂದನೇ, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ ಮಾಡಿದನೇ. ಒಂದಕ್ಕೆ ಹೌದು ಎಂದರೂ ಡಾಕ್ಟರರು ನೋಡಿ ಹೇಳುವ ತನಕ ಅವನು ಆಟಕ್ಕೆ ಬರುವಂತಿಲ್ಲ. ಈ ನಿಯಮ ನನಗೆ ಗೊತ್ತಿತ್ತು. ಆಗ ನಾನು, ‘ನಮ್ಮ ಕಾಲದಾಗ ಹುಡುಗರು ಮರದ ಮ್ಯಾಲಿಂದ ಬಿದ್ದು ಎದ್ದು ಹೋಗ್ತಿದ್ರು ಮಾಸ್ತರ’ ಎಂದು ನಕ್ಕಿದ್ದೆ. ಅವರು, ‘ಎದ್ದು ಹೋದವ್ರನ್ನ ನೀವು ನೋಡೀರಿ, ಏಳಲಾರದವ್ರನ್ನ ನಾ ನೋಡೇನ್ರಿ’ ಎಂದರು.

ತಾರೀಖು ೨ ರವಿವಾರ ಸಂಜೆ ಆಟದಲ್ಲಿ ಮುರಿಗೆಪ್ಪನ ತಲೆಗೂ ನಮ್ಮ ಹಿಂದಿನ ಮನೆಯ ಬಿಬಿಜಾನಳ ಮಗ ಮಹಮ್ಮದನ ತಲೆಗೂ ಡಿಕ್ಕಿ ಆಯಿತು. ಮಾಸ್ತರು ಇಬ್ಬರನ್ನೂ ಹೊರಗೆ ಕೂಡಿಸಿ, ದೀಪ ಹಚ್ಚುವ ಹೊತ್ತಿಗೆ ತಾವೇ ಮನೆಗೆ ತಂದು ಬಿಟ್ಟರು. ಹುಡುಗನ ಬಲಗಿವಿಯ ಮೇಲೆ ನಿಂಬೆಹಣ್ಣಿನಷ್ಟು ಬಾವು ಇತ್ತು. ಅರಿಷಿಣ ಹಚ್ಚಿದೆ. ಅವನು ರೊಟ್ಟಿ ಒಲ್ಲೆ ಎಂದು ಮಲಗಿದ.

ಮರುದಿನ ಸೋಮವಾರ. ನಾವು ಬಸವಣ್ಣನವರ ಒಕ್ಕಲು. ಸೋಮವಾರ ನಮ್ಮ ಮನೆಯಲ್ಲಿ ಓಣಿಯ ಹೆಣ್ಣುಮಕ್ಕಳು ಕೂಡಿ ವಚನ ಹೇಳುತ್ತೇವೆ, ನಾನು ಮುಂದೆ ಕೂತು ಹೇಳಿಕೊಡುತ್ತೇನೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹುಡುಗನಿಗೆ ಹಾಲು, ಬಾಳೆಹಣ್ಣು, ಸಜ್ಜಕದ ಪ್ರಸಾದ ಕೊಟ್ಟೆ. ಪ್ರಸಾದ ತಗೊಂಡು ಎದ್ದವನು ದೇವರ ಕೋಣೆಯ ಹೊಸ್ತಿಲ ಮೇಲೆಯೇ ಎಲ್ಲವನ್ನೂ ವಾಂತಿ ಮಾಡಿದ.

ನನಗೆ ಆ ಹೊತ್ತಿಗೆ ತಲೆಪೆಟ್ಟಿನ ನೆನಪು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಅದಕ್ಕಿಂತ ಮುಂಚೆ ಬಂದದ್ದು ಬೇರೆ. ಪ್ರಸಾದದ ಒಂದು ಅಗುಳು ಕೆಳಗೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವವರು ನಾವು. ಹೋದ ಶ್ರಾವಣದಲ್ಲಿ ರಂಗವ್ವ ಎಂಬುವಳ ಮೊಮ್ಮಗು ಪ್ರಸಾದ ಉಗುಳಿತೆಂದು ನಾನು ಎಲ್ಲರ ಎದುರು ಅವಳನ್ನು, ‘ನಿನ್ನ ಮನ್ಯಾಗ ಆಚಾರ ಇಲ್ಲ, ಕೂಸಿಗೆಲ್ಲಿಂದ ಬರಬೇಕು’ ಎಂದು ಹಂಗಿಸಿದ್ದೆ. ಅವಳು ಅತ್ತು ಎದ್ದು ಹೋಗಿದ್ದಳು. ಈಗ ನನ್ನ ಮನೆಯಲ್ಲಿ, ನನ್ನ ಹೊಸ್ತಿಲಲ್ಲಿ ಹೀಗಾಯಿತಲ್ಲ, ಇನ್ನರ್ಧ ತಾಸಿನಲ್ಲಿ ಹೆಣ್ಣುಮಕ್ಕಳು ಬರುತ್ತಾರಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅದನ್ನು ಬರಿಗೈಯಿಂದ ಬಳಿದು ಸೀರೆಯ ತುಂಡಿನಲ್ಲಿ ಕಟ್ಟಿ ಹಿತ್ತಲಲ್ಲಿ ಹುಗಿದೆ. ಹೊಸ್ತಿಲು ಸಾರಿಸಿದೆ. ಹುಡುಗ ಗೋಡೆ ಹಿಡಿದು ನಿಂತು, ‘ಅತ್ತಿ, ನಾ ಬೇಕಂತ ಮಾಡಿಲ್ಲ’ ಎಂದ.

ನಾನು ಅವನಿಗೆ ನೀರು ಕೊಡುವ ಮುಂಚೆ ಆಣೆ ತಗೊಂಡೆ. ಕೊರಳಲ್ಲಿದ್ದ ಲಿಂಗದ ಮೇಲೆ ಕೈ ಇಡಿಸಿ, ವಾಂತಿ ಆದದ್ದನ್ನು ಯಾರ ಮುಂದೂ ಬಾಯಿ ಬಿಡುವುದಿಲ್ಲ ಎಂದು ಹೇಳಿಸಿದೆ. ಅವನು ಹೇಳಿದ.

ಮಾಸ್ತರು ಸಾಲೆಗೆ ಹೋಗುವ ದಾರಿಯಲ್ಲಿ ಹತ್ತು ಗಂಟೆಗೆ ಬಂದರು. ಒಳಗೆ ಹೆಣ್ಣುಮಕ್ಕಳು ಕೂತಿದ್ದರು, ಆದ್ದರಿಂದ ಅವರು ಕಟ್ಟೆಯ ಹತ್ತಿರವೇ ನಿಂತು, ‘ನೀಲಾಬಾಯಾರ, ಹುಡುಗ ವಾಂತಿ ಮಾಡ್ಯಾನೇನ್ರಿ’ ಎಂದು ಕೇಳಿದರು. ನಾನು, ಒಳಗಿನವರಿಗೂ ಕೇಳಲಿ ಎಂದು ಗಟ್ಟಿಯಾಗಿ, ‘ಇಲ್ರಿ, ನಮ್ಮ ಮನ್ಯಾಗ ಅಂಥಾದ್ದೇನೂ ಆಗಿಲ್ಲ’ ಎಂದೆ. ಉಳಿದ ಎರಡು ಮಾತಿಗೂ ಇಲ್ಲ ಎಂದೆ. ಅವರು ಅಷ್ಟಕ್ಕೆ ಬಿಡಲಿಲ್ಲ. ಹುಡುಗನನ್ನು ಕರೆದು ಗದ್ದ ಹಿಡಿದು ಕಣ್ಣು ನೋಡಿ, ‘ಲೇ, ಖರೇ ಹೇಳು, ಹೇಳಿದ್ರ ನಾ ಏನೂ ಅನ್ನಂಗಿಲ್ಲ’ ಎಂದರು. ಹುಡುಗ ನನ್ನ ಕಡೆ ನೋಡಿ ಇಲ್ಲ ಎಂದು ತಲೆ ಆಡಿಸಿದ. ಮಾಸ್ತರು, ‘ತಾಯಿ ಸ್ಥಾನದಾಗ ಇರೋರು ಹೇಳಿದ ಮ್ಯಾಲ ಆತು’ ಎಂದು ಹೋದರು.

ಬಿಬಿಜಾನಳ ಮನೆಗೂ ಹೋಗಿದ್ದರು. ಅವಳು, ಮಗ ತಲೆ ನೋವು ಎನ್ನುತ್ತಾನೆ ಎಂದು ಇದ್ದದ್ದನ್ನು ಹೇಳಿದಳು. ಮಹಮ್ಮದನನ್ನು ಆಟದಿಂದ ಬಿಡಿಸಿದರು. ಬುಧವಾರ ಬಾವಿಯ ಹತ್ತಿರ ನಾನು ಅವಳಿಗೆ, ‘ಏನ ಬಿಬಿಜಾನ, ಮಗನ್ನ ಅರಳ್ಯಾಗ ಸುತ್ತಿ ಇಡ್ತಿ ಏನು’ ಎಂದೆ. ಅವಳು ಕೊಡ ಎತ್ತಿಕೊಳ್ಳುತ್ತಾ, ‘ಇಡ್ತೇನ್ರಿ ಅವ್ವಾರ, ಇರೋದು ಒಂದ ತಲಿ ಅವಗ’ ಎಂದು ನಕ್ಕಳು. ಸುತ್ತಲಿದ್ದವರೂ ನಕ್ಕರು. ನಾನೂ ನಕ್ಕೆ.

ತಾರೀಖು ೬ ಗುರುವಾರ ಇಳಕಲ್ಲದಲ್ಲಿ ಪಂದ್ಯ ಇತ್ತು. ಮುರಿಗೆಪ್ಪ ಬೆಳಿಗ್ಗೆ ಎದ್ದವನು ಮತ್ತೆ ಮಲಗಿದ. ಎಬ್ಬಿಸಿದರೆ, ‘ಅತ್ತಿ, ನಾ ಒಲ್ಲೆ ಇವತ್ತ’ ಎಂದ. ನಾನು, ‘ಹೋಗಲಿಲ್ಲ ಅಂದ್ರ ಯಾಕ ಹೋಗಲಿಲ್ಲ ಅಂತ ಕೇಳ್ತಾರ, ಏನ ಹೇಳ್ತಿ’ ಎಂದೆ. ಅವನು ಅಂಗಿ ಹಾಕಿಕೊಂಡ. ಹಣೆಗೆ ವಿಭೂತಿ ಹಚ್ಚಿ ನಾನೇ ಮೋಟಾರಿನ ತನಕ ಹೋಗಿ ಹತ್ತಿಸಿದೆ.

ಪಂದ್ಯ ನಾನು ನೋಡಿಲ್ಲ. ಮಹಮ್ಮದ ನೋಡಲು ಹೋಗಿದ್ದ, ಅವನು ಹೇಳಿದ್ದು ಹೀಗಿದೆ. ಮುರಿಗೆಪ್ಪ ಉಸಿರು ಹಿಡಿದು ಎದುರಿನವರ ಅಂಕಣಕ್ಕೆ ಹೋದಾಗ ಇಬ್ಬರು ಕಾಲು ಹಿಡಿದು ಕೆಡವಿದರು. ಅದೇನು ದೊಡ್ಡ ಪೆಟ್ಟಲ್ಲ, ದಿನಾಲು ಬೀಳುವಂಥದ್ದೇ. ಅವನು ಎದ್ದು ನಮ್ಮವರ ಕಡೆ ಬರದೆ ಎದುರಿನವರ ಸಾಲಿನಲ್ಲಿ ಹೋಗಿ ನಿಂತ. ಮಂದಿ ನಕ್ಕರು. ಮಾಸ್ತರು ಆಟ ನಿಲ್ಲಿಸಿರೆಂದು ಕೂಗುತ್ತಾ ಒಳಗೆ ಓಡಿದರು. ಅವರು ಮುಟ್ಟುವುದರೊಳಗೆ ಹುಡುಗ ಕೂತು, ಹಾಗೆಯೇ ಒರಗಿದ. ಮಾಸ್ತರು ಒಬ್ಬ ವ್ಯಾಪಾರಿಯ ಕಾರು ಬೇಡಿಕೊಂಡು, ಹುಡುಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಗಲಕೋಟೆಯ ದವಾಖಾನೆಗೆ ಒಯ್ದರು.

ಸುದ್ದಿ ತಿಳಿದು ನಾನು ದವಾಖಾನೆಗೆ ಹೋದೆ, ಹುಡುಗನಿಗೆ ಎಚ್ಚರ ಇರಲಿಲ್ಲ. ತಮ್ಮನು ಕಲಾದಗಿಯಿಂದ ಬಂದು ಮಗನನ್ನು ನೋಡಿ, ಶುಕ್ರವಾರ ಈ ಠಾಣೆಯಲ್ಲಿ ಮಾಸ್ತರರ ಮೇಲೆ ಫಿರ್ಯಾದಿ ಕೊಟ್ಟ. ಗೆದ್ದವರಿಗೆ ಸಿಗುವ ಢಾಲಿನ ಆಸೆಗೆ ಮಾಸ್ತರು ಪೆಟ್ಟಾದ ಹುಡುಗನನ್ನು ಆಡಿಸಿದರು ಎಂದು ಬರೆಯಿಸಿದ. ಶನಿವಾರ ಫೌಜದಾರ ಸಾಹೇಬರು ದವಾಖಾನೆಗೆ ಬಂದಾಗ ಮಾಸ್ತರು, ‘ನಾ ಕೇಳೇನ್ರಿ, ಬಾಯಾರು ಇಲ್ಲ ಅಂದ್ರು’ ಎಂದರು. ತಮ್ಮನು ಅವರ ಅಂಗಿ ಹಿಡಿದು, ‘ನಮ್ಮ ಅಕ್ಕನ ಹೆಸರು ತಗೊಂಡ್ರ ನಾಲಿಗಿ ಕೀಳ್ತೇನಿ, ಆಕಿ ಸುಳ್ಳು ಹೇಳಾಕಿ ಅಲ್ಲ’ ಎಂದ. ಸಾಹೇಬರು ನನ್ನನ್ನು ಕೇಳಿದರು. ನಾನು ಸೆರಗು ಬಾಯಿಗೆ ಇಟ್ಟುಕೊಂಡು ಸುಮ್ಮನೆ ನಿಂತೆ. ಅಳುತ್ತಿದ್ದೇನೆ ಎಂದು ಅವರು ಬಿಟ್ಟರು. ನಾನು ಅಳುತ್ತಿರಲಿಲ್ಲ. ಮಾಸ್ತರು ನನ್ನ ಕಡೆ ನೋಡಿ ಮುಖ ತಿರುಗಿಸಿಕೊಂಡರು. ಅವರನ್ನು ಠಾಣೆಗೆ ಕರೆತಂದರು. ಸಾಲೆಯ ಕೆಲಸವೂ ಹೋಗುತ್ತದೆ ಎಂದು ಊರಲ್ಲಿ ಮಾತಾಗಿದೆ.

ನಿನ್ನೆ ಸೋಮವಾರ ಬೆಳಿಗ್ಗೆ ಹುಡುಗ ಕಣ್ಣು ತೆರೆದು ನೀರು ಕೇಳಿದ. ತಮ್ಮನನ್ನು ಗುರುತು ಹಿಡಿದ. ಡಾಕ್ಟರರು ಬಂದು ಹೆಸರು ಕೇಳಿದರು, ಊರು ಕೇಳಿದರು, ಹೇಳಿದ. ಮೊದಲ ಪೆಟ್ಟು ಬಿದ್ದ ಮೇಲೆ ವಾಂತಿ ಆಗಿತ್ತೇ ಎಂದು ಕೇಳಿದರು. ಹುಡುಗ ಬಾಯಿ ಮುಚ್ಚಿಕೊಂಡ. ಎರಡು ಸಲ ಕೇಳಿದರು. ಅವನು ಎದೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದ. ಡಾಕ್ಟರರು ತಮ್ಮನಿಗೆ, ನೆನಪು ಹೋಗಿರಬೇಕು ಎಂದರು. ನೆನಪು ಹೋಗಿರಲಿಲ್ಲ.

ಆಗ ನಾನು ಮಂಚದ ಹತ್ತಿರ ಹೋಗಿ, ‘ಹೇಳಪ್ಪಾ, ಆಣಿ ನಾ ಹಾಕಿದ್ದು, ನಾನ ಹಿಂದ ತಗೊಂಡೇನಿ’ ಎಂದೆ. ಅವನು, ‘ಮೂರು ಸಲ’ ಎಂದ. ನನಗೆ ಗೊತ್ತಿದ್ದದ್ದು ಒಂದೇ ಸಲ. ಮಂಗಳವಾರ ಹಿತ್ತಲಲ್ಲಿ ಒಮ್ಮೆ, ಗುರುವಾರ ಮೋಟಾರಿನ ಕಿಡಕಿಯಿಂದ ಒಮ್ಮೆ ಮಾಡಿಕೊಂಡಿದ್ದನಂತೆ. ಗೆಳೆಯರು ಕೇಳಿದ್ದಕ್ಕೆ ಉಗುಳಿದೆ ಎಂದಿದ್ದನಂತೆ. ಡಾಕ್ಟರರು, ಮೊದಲನೇ ದಿನವೇ ಕರೆತಂದಿದ್ದರೆ ಎಂಟು ದಿನ ಮಲಗಿಸಿ ಕಳಿಸುತ್ತಿದ್ದೆ ಎಂದರು. ಈಗ ಎಡಗಾಲು ಊರಲು ಬರುವುದಿಲ್ಲ, ಮುಂದೆ ಎಷ್ಟು ಸುಧಾರಿಸುತ್ತದೆ ಎಂದು ಈಗಲೇ ಹೇಳಲಾಗದು ಎಂದರು.

ತಮ್ಮನು ನನ್ನನ್ನು ಬಯ್ಯಲಿಲ್ಲ. ‘ಅಕ್ಕಾ, ನೀ ಸ್ವಲ್ಪ ಹೊರಗ ಕೂಡು’ ಎಂದ. ಹೊರಗೆ ಕೂತೆ. ಸಂಜೆತನಕ ಅವನು ಕರೆಯಲಿಲ್ಲ. ಇಂದು ಬೆಳಗಿನ ಮೋಟಾರಿಗೆ ಇಲ್ಲಿಗೆ ಬಂದೆನು.

ಪಂಢರೀನಾಥ ಮಾಸ್ತರರು ನಿಯಮದಂತೆ ನಡೆದರು. ಕೇಳಬೇಕಾದ್ದನ್ನು ಕೇಳಬೇಕಾದವರನ್ನು ಕೇಳಿದರು. ತಪ್ಪು ಉತ್ತರ ನನ್ನದು. ಅವರನ್ನು ಬಿಡಬೇಕು, ನನ್ನ ಮೇಲೆ ಏನು ಬರೆದುಕೊಳ್ಳುವುದಿದ್ದರೂ ಬರೆದುಕೊಳ್ಳಬೇಕು.

ಇದನ್ನು ಯಾರೂ ಹೇಳಿಕೊಟ್ಟಿಲ್ಲ, ಯಾರೂ ಅಂಜಿಸಿಲ್ಲ. ಬರೆದುಕೊಂಡ ಹವಾಲದಾರರು ನನಗೆ ಓದಿ ಹೇಳಿದರು. ಅವರು ನನ್ನ ಮೇಲಿನ ಕರುಣೆಯಿಂದ, ನಾನು ಆಣೆ ಹಾಕಿಸಿದ ಜಾಗದಲ್ಲಿ ‘ತಿಳಿವಳಿಕೆ ಇಲ್ಲದೆ’ ಎಂದು ಸೇರಿಸಿದ್ದರು. ಅದನ್ನು ನಾನು ಹೊಡೆದು ಹಾಕಿಸಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದೆ.

ಸ್ಥಳ: ಇಳಕಲ್ಲ
ತಾರೀಖು: ೧೧-೨-೧೯೫೮

ನೀಲಾಬಾಯಿ ಕೋಂ ಅಮಾತೆಪ್ಪ ಹಡಗಲಿ
(ಸ್ವಂತ ಕೈಯಿಂದ ಸಹಿ)