ಪಾರಿವಾಳ ಇದ್ದರೆ ಹೇಳಿಬಿಡಿ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ವಿಶ್ವನಾಥ್ ಅವರೇ, ಇಂದು ಸನ್ಮಾನ ಸ್ವೀಕರಿಸಲಿರುವ ಪದ್ಮಾವತಿ ಟೀಚರ್ ಅವರೇ, ತಿಂಡಿ ಮುಗಿದ ಮೇಲೂ ಎದ್ದು ಹೋಗದೆ ಕುಳಿತಿರುವ ನಮ್ಮ ಸರಸ್ವತಿಪುರಂ ವಾಯುವಿಹಾರ ಸಂಘದ ಸಭಿಕರೇ,

‘ಪ್ರೇಮ್‌ಕುಮಾರ್, ಎರಡು ಮಾತಾಡಿ ಕೂತ್ಕೊಳ್ಳಿ’ ಎಂದಿದ್ದಾರೆ ಅಧ್ಯಕ್ಷರು. ಸಿಟಿ ಬಸ್ಸಿನ ಕಂಡಕ್ಟರಾಗಿದ್ದವನಿಗೆ ಕೂತ್ಕೊಳ್ಳಿ ಎಂದವರು ಇವರೇ ಮೊದಲು. ನನಗೆ ನಿಂತೇ ಅಭ್ಯಾಸ, ಸಹಿಸಿಕೊಳ್ಳಿ.

ಮನೆಗೆಲಸದ ಹೆಂಗಸರಿಗೆ ಟೀಚರ್ ಸಂಜೆ ಹೊತ್ತು ಓದು ಬರಹ ಕಲಿಸಿದ್ದನ್ನು ಉಳಿದವರು ಹೇಳಿದರು. ನಾನು ಹೇಳುವುದು ಅವರ ಭಯದ ವಿಷಯ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ. ಟೀಚರಿಗೆ ಪಾರಿವಾಳ ಕಂಡರೆ ಭಯ. ನಗಬೇಡಿ. ಸರಿ, ಒಂದು ಸಲ ನಕ್ಕುಬಿಡಿ, ಅವರೂ ನಗುತ್ತಿದ್ದಾರೆ. ಮೈಸೂರಿನಲ್ಲಿದ್ದುಕೊಂಡು ಪಾರಿವಾಳಕ್ಕೆ ಹೆದರಿದರೆ ಎಲ್ಲಿಗೆ ಹೋಗುವುದು? ಆದರೆ ರೆಕ್ಕೆ ಪಟಪಟ ಎಂದರೆ ಸಾಕು, ಅವರಿಗೆ ಉಸಿರು ಕಟ್ಟುತ್ತದೆ, ಕೈ ತಣ್ಣಗಾಗುತ್ತದೆ. ಅದು ನಾಟಕವಲ್ಲ.

ನಾವೇನು ಮಾಡಿದೆವು? ಬುದ್ಧಿ ಹೇಳಿದೆವು. ‘ಅದೇನ್ ಹುಲಿನಾ ಟೀಚರೇ’ ಎಂದೆವು. ನಮ್ಮ ಅಧ್ಯಕ್ಷರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಣರಾಜ್ಯೋತ್ಸವಕ್ಕೆ ಪಾರಿವಾಳ ಹಾರಿಸುವ ಶಾಸ್ತ್ರ ಇಟ್ಟುಕೊಂಡಿದ್ದೆವಲ್ಲ, ‘ಒಂದ್ಸಲ ಮುಟ್ಬುಟ್ರೆ ಭಯ ಹೋಯ್ತದೆ ಕಣಮ್ಮ’ ಎಂದು ಹಕ್ಕಿಯನ್ನು ಟೀಚರ್ ಕೈಗೇ ಕೊಟ್ಟರು. ಭಯ ಹೋಗಲಿಲ್ಲ, ಪ್ರಜ್ಞೆ ಹೋಯಿತು. ಅಧ್ಯಕ್ಷರೇ, ತಲೆ ತಗ್ಗಿಸಬೇಡಿ, ನಿಮ್ಮ ಮನಸ್ಸು ಒಳ್ಳೆಯದು. ಇಂಥ ಕೆಲಸ ಮಾಡುವುದು ಯಾವಾಗಲೂ ಒಳ್ಳೆಯ ಮನಸ್ಸಿನವರೇ.

ಟೀಚರ್ ವಾಕಿಂಗ್ ಬಿಟ್ಟರು. ನಾನು ಮನೆಗೆ ಹೋಗಿ, ‘ನಾವೆಂಗಿರ್ಬೇಕು, ನೀವೇ ಹೇಳಿ’ ಎಂದೆ. ಅದುವರೆಗೆ ಯಾರೂ ಹಾಗೆ ಕೇಳಿಯೇ ಇರಲಿಲ್ಲವಂತೆ. ‘ಓಡಿಸ್ಬೇಡಿ, ಮುಚ್ಚಿಡ್ಲೂಬೇಡಿ. ಎಲ್ಲಿದೆ ಅಂತ ಹೇಳ್ಬುಡಿ. ನಿಲ್ಲೋದೋ ಹೋಗೋದೋ ನಾನು ನೋಡ್ಕೋತೀನಿ’ ಎಂದರು. ಕಂಡಕ್ಟರಿಗೆ ಇದೊಂದು ಕಷ್ಟವೇ? ಮಾರನೇ ದಿನದಿಂದ ನಾನು ಮುಂದೆ, ಅವರು ಹಿಂದೆ. ‘ಎಡಗಡೆ ಕಂಬದ ಮೇಲೆ ಎರಡು ಕೂತವೆ, ಬಲಗಡೆ ರೈಟ್ ರೈಟ್!’ ಅವರು ನಕ್ಕರು. ಆ ನಗುವಿಗೋಸ್ಕರ ಈಗ ಅಲಾರಾಂ ಇಲ್ಲದೆ ಏಳುತ್ತೇನೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಏಳುವುದಕ್ಕೇ ಬೇಜಾರಾಗುತ್ತಿತ್ತು. ಮೊನ್ನೆ ಗಡ್ಡ ಹೆರೆಯುವಾಗ ಹಾಡುತ್ತಿದ್ದೆನಂತೆ, ಮಗಳು ಗಗನ ಹೇಳಿದಳು. ಇದು ವಿಷಯಕ್ಕೆ ಸಂಬಂಧಪಟ್ಟದ್ದಲ್ಲ. ಎಲ್ಲಿದ್ದೆ?

ಮೂರನೇ ಸಾಲಿನವರು ಯಾಕೆ ಮೇಲೆ ನೋಡುತ್ತಿದ್ದೀರಿ? ಓಹೋ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ, ಫ್ಯಾನ್ ಹಾಕಬೇಡಿ. ಅಧ್ಯಕ್ಷರು ಕಣ್ಸನ್ನೆ ಮಾಡುತ್ತಿದ್ದಾರೆ, ಶಾಲು ಹೊದಿಸುವ ತನಕ ಸುಮ್ಮನಿರಪ್ಪ ಎಂದು. ನನಗೂ ಆಸೆಯೇ. ಸನ್ಮಾನ ಚೆನ್ನಾಗಿ ಮುಗಿದರೆ ಟೀಚರ್ ಹತ್ತಿರ ನಮ್ಮಿಬ್ಬರ ಮದುವೆ ವಿಷಯ ಕೇಳೋಣ ಎಂದು ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದೇನೆ. ಅಯ್ಯಯ್ಯೋ, ಮೈಕಿನಲ್ಲಿ ಹೇಳಿಬಿಟ್ಟೆನೇ?

ಆಗಲಿ. ಟೀಚರೇ, ಪಾರಿವಾಳ ಇದೆ. ನಿಮ್ಮ ಹಿಂದೆ, ಬಲಗಡೆ ವೆಂಟಿಲೇಟರ್ ಮೇಲೆ, ಒಂದೇ ಒಂದು. ಬಾಗಿಲು ಎಡಗಡೆ, ತೆರೆದೇ ಇದೆ. ಇರುವುದೂ ಹೋಗುವುದೂ ನಿಮ್ಮಿಷ್ಟ, ಯಾರೂ ಏನೂ ಅನ್ನುವುದಿಲ್ಲ. ಮುಂದಿನ ಸಾಲಿನ ದೇವಿರಮ್ಮ, ಸ್ವಲ್ಪ ಕಾಲು ಮಡಚಿಕೊಳ್ಳಿ, ಅವರಿಗೆ ದಾರಿ ಬೇಕು.

ಹೋದರು. ಹೋಗಲಿ, ಹೇಳದೆ ಕೂರಿಸಿಕೊಂಡು ಅವರಿಗೆ ಶಾಲು ಹೊದಿಸುವುದು ನನಗಂತೂ ಬೇಡ. ಇನ್ನು ಮದುವೆ ಮಾತು ಮುಗಿದ ಹಾಗೆಯೇ.

ಇರಿ, ಬಾಗಿಲಾಚೆ ನಿಂತಿದ್ದಾರೆ. ಸೆರಗಿನಲ್ಲಿ ಮುಖ ಒರೆಸಿಕೊಂಡರು. ಕೈ ಮಾಡಿ ಯಾರನ್ನೋ ಕರೆಯುತ್ತಿದ್ದಾರೆ. ಅಧ್ಯಕ್ಷರೇ, ನೀವು ಏಳಬೇಡಿ, ನಿಮ್ಮನ್ನಲ್ಲ. ನನ್ನನ್ನೇ. ಹೌದು ಕಣ್ರೀ, ನನ್ನನ್ನೇ.

ವಂದನಾರ್ಪಣೆ ನೀವೇ ಮುಗಿಸಿಕೊಳ್ಳಿ. ಕೇಳಿದ ನಿಮಗೆಲ್ಲ ಧನ್ಯವಾದ. ನಾನು ಇಳಿಯುವ ಸ್ಟಾಪ್ ಬಂತು, ನಮಸ್ಕಾರ.