ಪಿಂಕಿ ಕರೆದ ಮೂರು ಹೆಸರು

ದೀಪ ಆರಿಸುವ ಮೊದಲು ತಾರೀಖು ಹೇಳಿಬಿಡುತ್ತೇನೆ. 2022ರ ನವೆಂಬರ್ 17, ಗುರುವಾರ. ನನ್ನ ದಿನಚರಿಯಲ್ಲಿದೆ. ಬೇಕಾದವರು ಬೆಳಗ್ಗೆ ನೋಡಬಹುದು.

ಅಂದು ನನ್ನ ತಮ್ಮ ಅಮರೇಶಪ್ಪ ಕಾರ್ಖಾನೆಯ ಎರಡನೇ ಪಾಳಿ ಮುಗಿಸಿ ಕುಷಾಯಿಗೂಡದ ಬಸ್ ಸ್ಟಾಪಿನಲ್ಲಿ ಇಳಿದಾಗ ರಾತ್ರಿ ಹನ್ನೊಂದೂವರೆ. ನಮ್ಮ ಬಾಡಿಗೆ ಮನೆಗೆ ಎಡಕ್ಕೆ ತಿರುಗಬೇಕು. ಅವನ ಕಾಲುಗಳು ಬಲಕ್ಕೆ ತಿರುಗಿದವು. ಇಪ್ಪತ್ತೆರಡು ವರ್ಷ ನಡೆದ ದಾರಿ... ನಮ್ಮ ಹಳೇ ಮನೆಯ ದಾರಿ.

ಅಲ್ಲಿ ಮನೆ ಇರಲಿಲ್ಲ. ಫೆಬ್ರುವರಿಯಲ್ಲೇ ಸರ್ಕಾರ ಮೇಲ್ಸೇತುವೆಗೆಂದು ತೆಗೆದುಕೊಂಡಿತ್ತು. ನಮ್ಮ ಬಾವಿ ಮುಚ್ಚಿದ ಜಾಗದಲ್ಲಿ ಒಂದು ಕಂಬ ಎದ್ದಿತ್ತು. ಹೊಸ ಸಿಮೆಂಟು. ಸುತ್ತಲೂ ಒದ್ದೆ ಗೋಣಿಚೀಲ. ಅದರಿಂದ ನೀರು ಇಳಿಯುತ್ತಿತ್ತು. ಟಪ್... ಟಪ್... ತಗಡಿನ ಬೇಲಿ ಗಾಳಿಗೆ ಪಟಪಟ ಅನ್ನುತ್ತಿತ್ತು. ಆಮೇಲೆ ಗಾಳಿ ನಿಂತಿತು.

ಆಗ ಕಂಬದ ಬುಡದಿಂದ, ಬಾವಿಯ ಆಳದಿಂದ ಬಂದ ಹಾಗೆ... "ಅಪ್ಪಾ..."

ರಾತ್ರಿ ಯಾರಾದರೂ ಕರೆದರೆ ಓ ಅನ್ನಬಾರದು. ಚಿಕ್ಕಂದಿನಿಂದ ಕೇಳಿದ ಮಾತು. ಅಮರೇಶಪ್ಪ ಹಲ್ಲು ಕಚ್ಚಿ ನಡೆದುಬಿಟ್ಟ. ಮನೆಗೆ ಬಂದವನೇ ಬೂಟು ಬಿಚ್ಚದೆ ನೆಲದ ಮೇಲೆ ಕುಳಿತ. ಅವನ ಹೆಂಡತಿ ಸೂಗಮ್ಮ ನೀರು ತಂದಳು. ಅವನು ಕುಡಿಯಲಿಲ್ಲ.

"ಪಿಂಕಿ ಕರದಳು," ಅಂದ. "ನಾ ಓ ಅನ್ನಲಿಲ್ಲ."

ಪಿಂಕಿ ಅವರ ಒಬ್ಬಳೇ ಮಗಳು. ಎಂಟನೇ ವರ್ಷಕ್ಕೆ, 2018ರಲ್ಲಿ, ಜ್ವರ ಬಂದು ಮೂರೇ ದಿನದಲ್ಲಿ ಹೋದಳು. ಆ ಮನೆಯಲ್ಲೇ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ರಾತ್ರಿ ಬಾಗಿಲು ಹಾಕುವ ಮುಂಚೆ ಸೂಗಮ್ಮ ಒಬ್ಬೊಬ್ಬರನ್ನೂ ಕರೆಯುತ್ತಿದ್ದಳು. ಒಳಗಿದ್ದವರು "ಬಂದೆ" ಅನ್ನಬೇಕು. ಎಲ್ಲರೂ ಅಂದ ಮೇಲೆ ಚಿಲಕ. ಚಿಲಕಕ್ಕೆ ಕೈ ನಿಲುಕಿದ ದಿನದಿಂದ ಆ ಕೆಲಸ ಪಿಂಕಿಯದಾಯಿತು. ಅಪ್ಪಾ, ಅವ್ವಾ, ಅತ್ತೀ... ಅತ್ತಿ ಅಂದರೆ ನಾನು. ನಾನು ದಿನಚರಿ ಬರೆಯುತ್ತ ತಡ ಮಾಡುತ್ತಿದ್ದೆ. ಅತ್ತಿ ಒಳಗ ಬರವಲ್ಲಳು, ಹೊರಗ ಹಾಕಿ ಚಿಲಕಾ ಹಾಕ್ತೀನಿ ಎಂದು ಹೆದರಿಸುತ್ತಿದ್ದಳು. ಹಾಕುತ್ತಿರಲಿಲ್ಲ. ನಾನು "ಬಂದೆ" ಅನ್ನುವ ತನಕ, ತೂಕಡಿಸುತ್ತಲೇ, ನಿಂತಿರುತ್ತಿದ್ದಳು.

ಭೂಸ್ವಾಧೀನದವರು ಪಟ್ಟಿ ಬರೆಯಲು ಬಂದಾಗ ನಾನೇ ಪಕ್ಕದಲ್ಲಿ ಕುಳಿತು ಪ್ರತಿ ಸಾಲು ಓದಿದೆ. ಬಾವಿಯ ಆಳ ತಪ್ಪು ಬರೆದಿದ್ದರು, ತಿದ್ದಿಸಿದೆ. ನುಗ್ಗೆಮರ ಬಿಟ್ಟಿದ್ದರು, ಸೇರಿಸಿದೆ. ಮನೆಯಲ್ಲಿ ಎಷ್ಟು ಮಂದಿ ಎಂದು ತೆಲುಗಿನಲ್ಲಿ ಕೇಳಿದರು. ಸೂಗಮ್ಮ ನಾಲ್ಕು ಅಂದಳು. ನಾನು ಮೂರು ಎಂದು ತಿದ್ದಿಸಿದೆ. ಅದೂ ನನ್ನ ದಿನಚರಿಯಲ್ಲಿದೆ.

ಮನೆ ಬಿಡುವ ದಿನ ಸೂಗಮ್ಮ ಹೊಸ್ತಿಲ ಮೇಲೆ ನಿಂತು ಒಳಗೆ ಮುಖ ಮಾಡಿ ಬಾಯಿ ತೆರೆದಳು. ಪಿಂಕಿಯನ್ನು ಜೊತೆಗೆ ಕರೆದೊಯ್ಯಲು. ಅಧಿಕಾರಿಗಳು ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು.

"ಸತ್ತವರನ್ನ ಕರೀತಾರೇನು? ಓದಿದವರ ಮನಿ ಇದು," ಎಂದೆ.

ಅವಳು ಬಾಯಿ ಮುಚ್ಚಿಕೊಂಡಳು. ಆ ಬಾಗಿಲಿನ ಹಿತ್ತಾಳೆ ಚಿಲಕವನ್ನು ಮಾತ್ರ ನಾನು ಬಿಚ್ಚಿಸಿಕೊಂಡೆ. ಸರಳನ್ನು ಹಿಂದಕ್ಕೆ ಸರಿಸಿ, ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ತಾರೀಖು ಬರೆದು ಟ್ರಂಕಿನಲ್ಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಮನೆ ಕೆಡವುವ ಯಂತ್ರ ಬಂತು.

ಇಷ್ಟೆಲ್ಲ ಆಗಿತ್ತು. ಹಾಗಾಗಿ ಅಮರೇಶಪ್ಪನ ಮಾತು ಕೇಳಿದ ಸೂಗಮ್ಮ ಅಳಲಿಲ್ಲ. ಸೆರಗು ಹೊದ್ದುಕೊಂಡು ಹೊರಟೇಬಿಟ್ಟಳು. ನಾವಿಬ್ಬರೂ ಹಿಂದೆ ಹೋದೆವು.

ಹನ್ನೆರಡು ಹತ್ತು. ಗಡಿಯಾರ ನೋಡಿದ್ದೇನೆ. ಕಂಬದ ಹತ್ತಿರ ಒಂದು ನಾಯಿಯೂ ಇರಲಿಲ್ಲ. ಟಪ್... ಟಪ್... ಅಷ್ಟೇ. ಆಮೇಲೆ ಅದೂ ನಿಂತಿತು.

"ಅಪ್ಪಾ..."

ನಿದ್ದೆಗಣ್ಣಿನ ದನಿ. ಬಹಳ ಹೊತ್ತು ಬಾಗಿಲಲ್ಲಿ ನಿಂತ ಮಗುವಿನ ದನಿ. ಆಗ ನನಗೆ ಅರ್ಥವಾಯಿತು. ಒಂಬತ್ತು ತಿಂಗಳಿಂದ ಯಾರೂ "ಬಂದೆ" ಅಂದಿಲ್ಲ. ಅವಳು ಚಿಲಕ ಹಾಕಿಲ್ಲ. ಮಲಗಿಲ್ಲ.

ಅಮರೇಶಪ್ಪ ಗೋಣಿಚೀಲದ ಮೇಲೆ ಕೈಯಿಟ್ಟ. "ಬಂದೆವ್ವಾ," ಅಂದ.

"ಅವ್ವಾ..."

ನಾನು ಸೂಗಮ್ಮನ ತೋಳು ಹಿಡಿದೆ. ಬ್ಯಾಡ ಅಂದೆ. ಅವಳು ಕೊಡವಿಕೊಂಡಳು. ಹಣೆಯನ್ನು ಕಂಬಕ್ಕೆ ಒತ್ತಿ ಪಿಸುಗುಟ್ಟಿದಳು. "ಬಂದೆ, ನನ್ನವ್ವಾ. ಬಂದೆ."

ಆಮೇಲೆ... "ಅತ್ತೀ..."

ಎರಡನೇ ಸಲ ಕರೆದಳು. ಸೂಗಮ್ಮ ತಿರುಗಿ ನನ್ನನ್ನು ನೋಡಿದಳು. "ಅನ್ರಿ, ಅಕ್ಕಾರ," ಅಂದಳು. "ಕೂಸು ನಿಂತೈತ್ರಿ."

ಮೂರನೇ ಸಲ ಕರೆದಳು. ನಾನು ಬಾಯಿ ಬಿಡಲಿಲ್ಲ. ಹೆದರಿದ್ದೆ. ಅಷ್ಟೇ, ಬೇರೆ ಕಾರಣ ಇಲ್ಲ.

ಆಮೇಲೆ ಸಿಮೆಂಟಿನ ಒಳಗೆ ಹಿತ್ತಾಳೆ ಸರಿದ ಸದ್ದು. ಕಿರ್‌ರ್... ಖಟಕ್. ನಮ್ಮ ಬಾಗಿಲಿನ ಚಿಲಕದ್ದೇ. ಕೊನೆಯಲ್ಲಿ ಒಂದಿಷ್ಟು ಎತ್ತಿ ಹಾಕಬೇಕಿತ್ತು ಅದನ್ನು. ಎತ್ತಿಯೇ ಹಾಕಿದಳು.

ಮರಳಿ ಹೊರಟೆವು. ನಮ್ಮ ಓಣಿ ಬಂದ ಮೇಲೆ ಸೂಗಮ್ಮ ಮೆಲ್ಲಗೆ ಅಂದಳು: "ನಿಮ್ಮನ್ನ ಹೊರಗ ಬಿಟ್ಟಳ್ರಿ."

ಅವತ್ತಿನಿಂದ ಅವರಿಬ್ಬರಿಗೂ ಒಳ್ಳೆಯ ನಿದ್ದೆ. ಮರುದಿನ ರಾತ್ರಿ ನಾನೊಬ್ಬಳೇ ಹೋದೆ. ಅದರ ಮರುದಿನವೂ. ಒಟ್ಟು ಹನ್ನೊಂದು ರಾತ್ರಿ, ಎಲ್ಲ ಬರೆದಿಟ್ಟಿದ್ದೇನೆ. ಕಂಬಕ್ಕೆ ಬಾಯಿ ಹಚ್ಚಿ "ಬಂದೆ, ಪಿಂಕಿ, ಅತ್ತಿ ಬಂದೆ" ಎಂದೆ. ಯಾರೂ ಕರೆಯಲಿಲ್ಲ. ಗೋಣಿಚೀಲದ ನೀರು ಮಾತ್ರ.

ಹನ್ನೆರಡನೇ ದಿನ ಟ್ರಂಕು ತೆಗೆದೆ. ನಾನು ಕಟ್ಟಿದ ದಾರ ಹಾಗೇ ಇತ್ತು. ಮೇಲೆ ನನ್ನದೇ ಅಕ್ಷರದ ತಾರೀಖು. ಪತ್ರಿಕೆ ಬಿಚ್ಚಿದರೆ ಚಿಲಕದ ಸರಳು ಪೂರ್ತಿ ಮುಂದಕ್ಕೆ ಬಂದು ಕೂತಿತ್ತು. ಎರಡೂ ಕೈಯಿಂದ ಎಳೆದೆ, ಸರಿಯಲಿಲ್ಲ. ಬಡಗಿಗೆ ಕೊಟ್ಟೆ. ಅವನು ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಹೊಡೆದು, ಹಾಗೇ ವಾಪಸ್ ಕೊಟ್ಟ.

ಆ ಚಿಲಕ ಈ ಮನೆಯಲ್ಲೇ ಇದೆ. ನಡೆದದ್ದನ್ನಷ್ಟೇ ಹೇಳಿದ್ದೇನೆ. ಸರಳನ್ನು ಸರಿಸಲು ಆಗುತ್ತದೇನೋ, ನೀವೂ ನೋಡಿ.